ಭಯ ಕನ್ನಡದಲ್ಲಿ, ಔಷಧದ ಸೂಚನೆ ಮಲಯಾಳದಲ್ಲಿ: ಗಡಿನಾಡ ಗ್ರಾಮಗಳ ಹೃದಯಾರೋಗ್ಯದ ಪ್ರಶ್ನೆ

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಬಂದ ಹಠಾತ್ ಸಾವುಗಳ ಸುದ್ದಿ ಕರ್ನಾಟಕದ ಉದ್ದಗಲಕ್ಕೂ ಭೀತಿಯನ್ನು ಹರಡಿತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ವರದಿಗಳು ಬಂದೊಡನೆ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತರು. ಆ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರಕಾರ ನೇಮಿಸಿದ ತಜ್ಞರ ಸಮಿತಿಯು ಸಾವಿನ ಸಂಖ್ಯೆಯಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದು ವರದಿ ನೀಡಿತು. ಮೃತರಲ್ಲಿ ಬಹುಪಾಲು ಮಂದಿಗೆ ರಕ್ತದೊತ್ತಡ, ಮಧುಮೇಹ, ಧೂಮಪಾನ, ಸ್ಥೂಲಕಾಯ ಮೊದಲಾದ ಹಳೆಯ ಪರಿಚಿತ ಕಾರಣಗಳಲ್ಲಿ ಒಂದಾದರೂ ಇತ್ತೆಂಬುದು ಸಮಿತಿಯ ನಿರ್ಣಯವಾಗಿತ್ತು.

ಈ ಸುದ್ದಿ ತಲಪಾಡಿಯ ಗಡಿಯನ್ನು ದಾಟಿ ಮಂಜೇಶ್ವರ, ಬದಿಯಡ್ಕ, ಎಣ್ಮಕಜೆ, ಪೈವಳಿಕೆಗಳ ಮನೆಗಳಿಗೂ ಬಂತು. ಇಲ್ಲಿನ ಕನ್ನಡಿಗರು ನೋಡುವುದು ಬೆಂಗಳೂರಿನ ವಾಹಿನಿಗಳನ್ನು, ಓದುವುದು ಮಂಗಳೂರಿನ ಪತ್ರಿಕೆಗಳನ್ನು. ಲಸಿಕೆಯೇ ಕಾರಣವೆಂಬ ವದಂತಿಯೂ, ಬೆಳ್ಳುಳ್ಳಿಯಿಂದ ರಕ್ತನಾಳ ಶುದ್ಧವಾಗುವುದೆಂಬ ವಾಟ್ಸ್‌ಆ್ಯಪ್ ಸಂದೇಶವೂ ಅವರಿಗೆ ಒಳ್ಳೆಯ ಕನ್ನಡದಲ್ಲೇ ದೊರೆಯಿತು. ಆದರೆ ಅವರ ರಕ್ತದೊತ್ತಡವನ್ನು ಅಳೆಯಬೇಕಾದ, ಮಾತ್ರೆ ಕೊಡಬೇಕಾದ, ಆ ಮಾತ್ರೆಯನ್ನು ಏಕೆ ಬಿಡಬಾರದೆಂದು ತಿಳಿಹೇಳಬೇಕಾದ ವ್ಯವಸ್ಥೆ ಇರುವುದು ಕೇರಳದಲ್ಲಿ, ಅದರ ಮಾತು ಮಲಯಾಳದಲ್ಲಿ. ಭಯವು ಒಂದು ಭಾಷೆಯಲ್ಲೂ ಪರಿಹಾರವು ಇನ್ನೊಂದು ಭಾಷೆಯಲ್ಲೂ ಬರುವ ಈ ಸ್ಥಿತಿಯು ಗಡಿನಾಡ ವಯಸ್ಕರ ಹೃದಯಾರೋಗ್ಯವನ್ನು ಹೇಗೆ ಬಾಧಿಸುತ್ತಿದೆ ಎಂಬುದನ್ನು ಗಂಭೀರವಾಗಿ ಪರಿಶೀಲಿಸಬೇಕಾದ ಕಾಲ ಬಂದಿದೆ.

ಹಳ್ಳಿಯ ರಕ್ಷಣೆ ಈಗ ಉಳಿದಿಲ್ಲ

ಹೃದ್ರೋಗವು ಪೇಟೆಯವರ, ಸಿರಿವಂತರ ಕಾಯಿಲೆ. ತೋಟದಲ್ಲಿ ದುಡಿಯುವವನಿಗೆ, ಗುಡ್ಡ ಹತ್ತಿ ಸೊಪ್ಪು ತರುವವಳಿಗೆ ಅದು ಬಾರದು ಎಂಬ ನಂಬಿಕೆ ನಮ್ಮಲ್ಲಿ ಇಂದಿಗೂ ಬಲವಾಗಿದೆ. ಕೇರಳದ ಅನುಭವ ಇದಕ್ಕೆ ವಿರುದ್ಧವಾಗಿದೆ. 1993ರಲ್ಲಿ ತಿರುವನಂತಪುರ ಜಿಲ್ಲೆಯ ಗ್ರಾಮಾಂತರ ಪ್ರದೇಶದಲ್ಲಿ ನಡೆದ ಅಧ್ಯಯನವೊಂದರಲ್ಲಿ ಖಚಿತವಾದ ಹೃದಯ ರಕ್ತನಾಳದ ಕಾಯಿಲೆ ಇದ್ದವರು ನೂರಕ್ಕೆ 1.4ರಷ್ಟಿದ್ದರು. ಹೃದ್ರೋಗ ತಜ್ಞರ ಸಂಘದ ಕೇರಳ ಶಾಖೆಯು ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಆ ಪ್ರಮಾಣ 3.5ಕ್ಕೆ ಏರಿತ್ತು, ಸಂಶಯಾಸ್ಪದ ಪ್ರಕರಣಗಳನ್ನೂ ಸೇರಿಸಿದರೆ 12.5. ಅದಕ್ಕಿಂತ ಗಮನಾರ್ಹವಾದುದೆಂದರೆ, ಈ ಎರಡನೆಯ ಸಮೀಕ್ಷೆಯಲ್ಲಿ ಪೇಟೆಗೂ ಹಳ್ಳಿಗೂ ಹೇಳಿಕೊಳ್ಳುವಂಥ ಅಂತರವೇ ಕಾಣಲಿಲ್ಲ.

ಮಧುಮೇಹದ ಚಿತ್ರವೂ ಇದಕ್ಕೆ ಪೂರಕವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದ ವಯಸ್ಕರಲ್ಲಿ ಮಧುಮೇಹಿಗಳು ನೂರಕ್ಕೆ 11.4, ಕೇರಳದಲ್ಲಿ 25.5. ಅಂದರೆ ನಾಲ್ವರಲ್ಲಿ ಒಬ್ಬರು. ಅದೇ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ.

ಕಾಸರಗೋಡಿನ ಒಳನಾಡಿಗೆ ಈ ಸಂಖ್ಯೆಗಳನ್ನು ಹೊಂದಿಸಿ ನೋಡಲು ದೂರ ಹೋಗಬೇಕಿಲ್ಲ. ಕುಚ್ಚಲಕ್ಕಿ ಗಂಜಿಯ ಬದಿಯಲ್ಲಿ ಉಪ್ಪಿನಕಾಯಿ, ಒಣಮೀನು, ಮಳೆಗಾಲದ ಉಪ್ಪುಸೊಳೆ, ನೀರುಮಾವಿನಕಾಯಿ, ಹಪ್ಪಳ ಇವು ಬಡವರ ಮನೆಯ ಊಟಕ್ಕೆ ರುಚಿ ಕೊಡುವ ಪದಾರ್ಥಗಳು. ದಿನವಿಡೀ ಬೆವರು ಸುರಿಸಿ ದುಡಿಯುತ್ತಿದ್ದ ಕಾಲದ ಈ ಉಪ್ಪಿನ ಪ್ರಮಾಣ, ದುಡಿಮೆ ಕಡಿಮೆಯಾದ ಮೇಲೂ ತಟ್ಟೆಯಲ್ಲಿ ಹಾಗೆಯೇ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಭಾರತೀಯರು ಸರಾಸರಿ 8 ಗ್ರಾಮಿನಷ್ಟು ತಿನ್ನುತ್ತಿರುವರೆಂದು ರಾಷ್ಟ್ರೀಯ ಸಮೀಕ್ಷೆ ತೋರಿಸಿದೆ. ಬೀಡಿ, ಎಲೆ ಅಡಿಕೆಯೊಂದಿಗಿನ ಹೊಗೆಸೊಪ್ಪು, ಕೊಲ್ಲಿ ರಾಷ್ಟ್ರಗಳಿಗೆ ಹೋದ ಮಕ್ಕಳ ಬರವಿಗಾಗಿ ಕಾಯುತ್ತ ಒಂಟಿಯಾಗಿ ಉಳಿದ ಹಿರಿಯರ ಬದುಕು ಇವೆಲ್ಲ ಈ ಹಿನ್ನೆಲೆಗೆ ಸೇರುತ್ತವೆ.

ರಕ್ತದೊತ್ತಡವೆಂಬ ದೀರ್ಘ ಸಂಭಾಷಣೆ

ಮುರಿದ ಮೂಳೆಯನ್ನು ಕೂಡಿಸಲು ವೈದ್ಯನಿಗೆ ರೋಗಿಯ ಭಾಷೆ ತಿಳಿದಿರಬೇಕಾದ ಅಗತ್ಯ ಅಷ್ಟಾಗಿ ಇಲ್ಲ. ಜ್ವರಕ್ಕೆ ಐದು ದಿನದ ಮಾತ್ರೆಯನ್ನೂ ಸನ್ನೆಯಿಂದಲೇ ಕೊಡಬಹುದು. ಅಧಿಕ ರಕ್ತದೊತ್ತಡದ ಸ್ವಭಾವ ಬೇರೆ. ಅದಕ್ಕೆ ನೋವಿಲ್ಲ, ಜ್ವರವಿಲ್ಲ, ಹೊರಗೆ ಕಾಣುವ ಗುರುತಿಲ್ಲ. ಏನೂ ತೊಂದರೆ ಇಲ್ಲದವನಿಗೆ ‘ನಿನಗೆ ಕಾಯಿಲೆ ಇದೆ, ಬದುಕಿರುವವರೆಗೆ ದಿನವೂ ಮಾತ್ರೆ ತಿನ್ನಬೇಕು’ ಎಂದು ಮನದಟ್ಟು ಮಾಡಿಸಬೇಕು. ಒತ್ತಡ ಹತೋಟಿಗೆ ಬಂದಾಗ ‘ಗುಣವಾಯಿತು’ ಎಂದು ನಿಲ್ಲಿಸಬಾರದೆಂದು ವಿವರಿಸಬೇಕು. ಬಹಳ ಮಂದಿಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದ ಕೆಲವರಿಗೆ ಪಾದದ ಗಂಟಿನ ಬಳಿ ಬಾವು ಬರುತ್ತದೆ; ಇನ್ನು ಕೆಲವು ಮಾತ್ರೆಗಳಿಂದ ಒಣಕೆಮ್ಮು ಬರುತ್ತದೆ. ಹಾಗಾದರೆ ಮಾತ್ರೆ ಬದಲಿಸಿಕೊಳ್ಳಬಹುದು, ತಾನಾಗಿ ಬಿಡಬಾರದು ಎಂದು ಮೊದಲೇ ಹೇಳಿಡಬೇಕು. ಇಷ್ಟೆಲ್ಲ ಮಾತು ಒಂದೇ ದಿನ ಮುಗಿಯುವುದಿಲ್ಲ. ತಿಂಗಳು ತಿಂಗಳೂ ನಡೆಯಬೇಕಾದ ಸಂಭಾಷಣೆಯೇ ಈ ಚಿಕಿತ್ಸೆಯ ಅರ್ಧ ಭಾಗ.

ಈ ಸಂಭಾಷಣೆ ಎಲ್ಲಿ ಕಡಿದುಹೋಗುತ್ತದೆ ಎಂಬುದನ್ನು 2017–18ರ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಸಮೀಕ್ಷೆ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. 18ರಿಂದ 69 ವರ್ಷದವರಲ್ಲಿ ನೂರಕ್ಕೆ 28.5 ಮಂದಿಗೆ ಅಧಿಕ ರಕ್ತದೊತ್ತಡವಿತ್ತು. ಆ ಕಾಯಿಲೆ ಇದ್ದವರಲ್ಲಿ ಅದು ತಮಗಿದೆಯೆಂದು ತಿಳಿದಿದ್ದವರು 27.9 ಶೇಕಡಾ, ಚಿಕಿತ್ಸೆ ಪಡೆಯುತ್ತಿದ್ದವರು 14.5, ಹತೋಟಿಯಲ್ಲಿದ್ದವರು ಕೇವಲ 12.6. ಎಂಟು ಮಂದಿ ರೋಗಿಗಳಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆಯ ಪೂರ್ಣ ಫಲ ದೊರೆತಂತಾಯಿತು. ಮೇಲಿನ ಒತ್ತಡವನ್ನು 10 ಅಂಕಗಳಷ್ಟು ಇಳಿಸಿದರೆ ಪಾರ್ಶ್ವವಾಯುವಿನ ಸಂಭವ ಕಾಲುಭಾಗಕ್ಕಿಂತಲೂ ಹೆಚ್ಚು ತಗ್ಗುವುದೆಂದು ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ಹೇಳುತ್ತವೆ. ಇಷ್ಟು ದೊಡ್ಡ ಲಾಭ ಕೈತಪ್ಪುತ್ತಿರುವುದು ಅಪರೂಪದ ಔಷಧವಿಲ್ಲದೆ ಅಲ್ಲ. ಅಗ್ಗದ ಮಾತ್ರೆಯನ್ನು ಬಿಡದೆ ತಿನ್ನುವಂತೆ ಮಾಡಲಾಗದೆ.

ಶಬ್ದ ಒಂದೇ, ಅರ್ಥ ಬೇರೆ

ಕೇರಳದ ಆರೋಗ್ಯ ವ್ಯವಸ್ಥೆಯ ಸಾಮರ್ಥ್ಯವನ್ನು ಅಲ್ಲಗಳೆಯುವುದು ನ್ಯಾಯವಾಗದು. 2017ರಲ್ಲಿ ಆರಂಭವಾದ ಆರ್ದ್ರಂ ಯೋಜನೆಯಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಮೇಲ್ದರ್ಜೆಗೇರಿವೆ. ರಕ್ತದೊತ್ತಡ ಮತ್ತು ಮಧುಮೇಹದ ಮಾತ್ರೆಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ‘ಶೈಲಿ’ ಎಂಬ ಮೊಬೈಲ್ ತಂತ್ರಾಂಶವನ್ನು ಹಿಡಿದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮೂವತ್ತು ದಾಟಿದವರ ಆರೋಗ್ಯದ ವಿವರ ದಾಖಲಿಸಿದ್ದಾರೆ. ಗಡಿಯಾಚೆಗಿನ ಅನೇಕ ತಾಲೂಕುಗಳಿಗೆ ಹೋಲಿಸಿದರೆ ಇಲ್ಲಿನ ಆರೋಗ್ಯ ಕೇಂದ್ರ ಮನೆಗೆ ಹತ್ತಿರ.

ಆದರೆ ಮನೆಯಂಗಳದಲ್ಲಿ ನಡೆಯುವುದೇನು? ತಿರುವನಂತಪುರದಲ್ಲಿ ರೂಪುಗೊಂಡ ಪ್ರಶ್ನೆಗಳನ್ನು ಎಣ್ಮಕಜೆಯಲ್ಲಿ ತುಳುವಿನಲ್ಲೋ ಹವ್ಯಕ ಕನ್ನಡದಲ್ಲೋ, ಬೆಳ್ಳೂರಿನಲ್ಲಿ ಮರಾಠಿಯಲ್ಲೋ ಕರಾಡ ಭಾಷೆಯಲ್ಲೋ, ಮಂಜೇಶ್ವರದಲ್ಲಿ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಕೇಳಬೇಕಾಗುತ್ತದೆ. ಇಲ್ಲಿ ಮನೆಮಾತು ಹಲವು; ಆದರೆ ಓದುಬರಹ ಕಲಿತ ಹಿರಿಯರಲ್ಲಿ ಬಹುಪಾಲಿನವರ ಬರಹದ ಭಾಷೆ ಕನ್ನಡ. ಪೇಟೆಗೆ ಹೋಗಿ ಬರುವ ಗಂಡಸರು ವ್ಯವಹಾರಕ್ಕೆ ಬೇಕಾದಷ್ಟು ಮಲಯಾಳ ಆಡಬಲ್ಲರು. ಮನೆಯಲ್ಲೇ ಇದ್ದು ಬಾಳಿದ ಅಜ್ಜಿಯಂದಿರಿಗೆ ಆ ಅವಕಾಶ ದೊರೆತಿಲ್ಲ. ಅಲ್ಲದೆ ಮಾತು ತಿಳಿದವರಲ್ಲೂ ಮಲಯಾಳ ಲಿಪಿಯನ್ನು ಓದಬಲ್ಲವರು ಕಡಿಮೆ. ಔಷಧದ ಚೀಟಿ, ಗೋಡೆಯ ಫಲಕ, ಕೈಗೆ ಕೊಡುವ ಕರಪತ್ರ ಇವೆಲ್ಲ ಲಿಪಿಯ ಲೋಕಕ್ಕೆ ಸೇರಿದವು.

ಎರಡೂ ದ್ರಾವಿಡ ಭಾಷೆಗಳೇ ಆದುದರಿಂದ ತೊಂದರೆ ಇಲ್ಲವೆನ್ನುವವರಿದ್ದಾರೆ. ಹತ್ತಿರದ ಭಾಷೆಗಳಲ್ಲೇ ತಪ್ಪು ತಿಳಿವಳಿಕೆ ಸುಲಭ. ಮಲಯಾಳದಲ್ಲಿ ‘ರಾವಿಲೆ’ ಎಂದರೆ ಬೆಳಗ್ಗೆ. ಕನ್ನಡದ ಕಿವಿಗೆ ಅದು ರಾತ್ರಿಯನ್ನು ಹೋಲುವ ಶಬ್ದ. ‘ಕಳಿಕ್ಕಣಂ’ ಎಂದರೆ ಸೇವಿಸಬೇಕು. ಕನ್ನಡದಲ್ಲಿ ‘ಕಳೆ’ ಎಂದರೆ ಹೋಗಲಾಡಿಸು. ‘ಕ್ಷೀಣಂ’ ಎಂದರೆ ಅಲ್ಲಿ ದಣಿವು, ಸುಸ್ತು. ಇಲ್ಲಿ ಕ್ಷೀಣವೆಂದರೆ ಕುಗ್ಗುವುದು, ಬಡವಾಗುವುದು. ರಕ್ತದ ಸಕ್ಕರೆಯನ್ನು ಇಳಿಸುವ ಮಾತ್ರೆಯನ್ನು ಬೆಳಗ್ಗೆ ಊಟಕ್ಕೆ ಮೊದಲು ತಿನ್ನುವ ಬದಲು ರಾತ್ರಿ ಮಲಗುವ ಮುನ್ನ ತಿಂದರೆ ಆಗುವ ಅನಾಹುತ ಸಣ್ಣದಲ್ಲ.

ರೋಗಿಯ ಕಡೆಯಿಂದ ಬರುವ ಮಾತಿನ ಪಾಡೂ ಹೀಗೆಯೇ. ನಮ್ಮ ಹಿರಿಯರು ಎದೆನೋವನ್ನು ಎದೆನೋವೆಂದು ಹೇಳುವುದು ಅಪರೂಪ. ಎದೆ ಹಿಡಿದಂತಾಗುತ್ತದೆ, ದಮ್ಮು ಕಟ್ಟುತ್ತದೆ, ವಾಯು ಏರಿದೆ, ಗ್ಯಾಸ್ ಆಗಿದೆ, ಹೆಗಲು ಸೆಳೆಯುತ್ತದೆ, ಒಂಥರಾ ಆಗುತ್ತದೆ ಎನ್ನುತ್ತಾರೆ. ಹೆಂಗಸರಲ್ಲಿ ಹೃದಯಾಘಾತವು ಎದೆನೋವಿಗಿಂತ ಹೆಚ್ಚಾಗಿ ಸುಸ್ತು, ಉಸಿರುಗಟ್ಟುವಿಕೆ, ದವಡೆ ಅಥವಾ ಬೆನ್ನಿನ ನೋವಾಗಿ ಕಾಣಿಸಿಕೊಳ್ಳುವುದುಂಟು. ‘ಒಂಥರಾ’ ಎಂಬ ಮಾತಿನ ಒಳಗೆ ಏನಿದೆಯೆಂದು ಕೆದಕಿ ಕೇಳಬಲ್ಲ ದಾದಿ ಇದ್ದರೆ ಆ ಹೆಂಗಸಿಗೆ ಇಸಿಜಿ ಆಗುತ್ತದೆ. ಇಲ್ಲವಾದರೆ ಗ್ಯಾಸಿನ ಮಾತ್ರೆ ಸಿಗುತ್ತದೆ. ತುರ್ತು ವಾಹನಕ್ಕೆ ಕರೆ ಮಾಡಿದಾಗಲೂ ದೂರದಲ್ಲಿ ಕುಳಿತು ಉತ್ತರಿಸುವವರಿಗೆ ಮನೆಯ ದಾರಿಯನ್ನೂ ರೋಗಿಯ ಸ್ಥಿತಿಯನ್ನೂ ಯಾವ ಭಾಷೆಯಲ್ಲಿ ಹೇಳುವುದೆಂಬ ತೊಡಕು ಇದ್ದೇ ಇದೆ.

ಮಂಗಳೂರಿನ ದಾರಿ

ಪ್ರಥಮ ಚಿಕಿತ್ಸೆಗೆ ಕೇರಳವಾದರೆ ದೊಡ್ಡ ಕಾಯಿಲೆಗೆ ಮಂಗಳೂರು ಎಂಬುದು ಈ ನಾಡಿನ ಹಳೆಯ ರೂಢಿ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರು. ಮಂಜೇಶ್ವರದವರಿಗೆ ಅದರ ಅರ್ಧಕ್ಕೂ ಕಡಿಮೆ. ಭಾಷೆಯ ಬಂಧವೂ ದಾರಿಯ ಅನುಕೂಲವೂ ಒಂದೇ ದಿಕ್ಕಿಗೆ ಸೆಳೆಯುತ್ತವೆ. ಆ ದಾರಿ ಎಷ್ಟು ದುರ್ಬಲವೆಂಬುದನ್ನು 2020ರ ಮಾರ್ಚ್ ತಿಂಗಳು ತೋರಿಸಿತು. ಕೋವಿಡ್ ಕಾರಣದಿಂದ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಚಿಕಿತ್ಸೆಗೆಂದು ಮಂಗಳೂರಿಗೆ ಹೊರಟ ಹಲವು ರೋಗಿಗಳು ಗಡಿ ದಾಟಲಾಗದೆ ಪ್ರಾಣ ಬಿಟ್ಟರೆಂದು ವರದಿಯಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ನೀಡಿತು. ವಿಚಾರ ಸುಪ್ರೀಂ ಕೋರ್ಟಿನವರೆಗೂ ಹೋಗಿ, ತುರ್ತು ರೋಗಿಗಳ ಸಂಚಾರಕ್ಕೆ ಕ್ರಮವೊಂದು ನಿಗದಿಯಾಯಿತು.

ಅಂದಿನಿಂದ ಜಿಲ್ಲೆಯ ಒಳಗೂ ಕೆಲವು ಬದಲಾವಣೆಗಳಾಗಿವೆ. ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳದ ಅಡ್ಡಿಯನ್ನು ತೆರೆಯುವ ಕ್ಯಾಥ್ ಲ್ಯಾಬ್ ಬಂದಿದೆ. 2013ರಲ್ಲಿ ಶಿಲಾನ್ಯಾಸಗೊಂಡು ವರ್ಷಾನುಗಟ್ಟಲೆ ಕುಂಟಿದ ಬದಿಯಡ್ಕ ಸಮೀಪದ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2025ರಲ್ಲಿ 50 ಎಂಬಿಬಿಎಸ್ ಸೀಟುಗಳ ಅನುಮತಿ ದೊರೆಯಿತು. ಅತ್ತ ಕರ್ನಾಟಕವು ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಆರಂಭಿಸಿ, ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ವಿಸ್ತರಿಸುತ್ತ ಬಂದಿದೆ. ಹೃದಯಾಘಾತದಲ್ಲಿ ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ಪಾರ್ಶ್ವವಾಯುವಿನಲ್ಲಿ ಆ ಬಗೆಯ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಗಳ ಮಿತಿಯಿದೆ. ಹೀಗಿರುವಾಗ ದೇಲಂಪಾಡಿಯವರು ಸುಳ್ಯಕ್ಕೆ ಓಡಬೇಕೋ, ಕಾಸರಗೋಡಿಗೋ. ಪೈವಳಿಕೆಯವರು ಮಂಗಳೂರಿಗೋ, ಕಾಞಂಗಾಡಿಗೋ. ರಾತ್ರಿ ಎರಡು ಗಂಟೆಗೆ ಇಸಿಜಿಯೂ ಚುಚ್ಚುಮದ್ದೂ ಎಲ್ಲಿ ಸಿಗುತ್ತವೆ ಎಂಬುದು ಮನೆಯವರಿಗೆ ಮೊದಲೇ ತಿಳಿದಿರಬೇಕು. ಇದನ್ನು ಹೇಳುವ ಕನ್ನಡ ಫಲಕವೊಂದು ಪ್ರತಿ ವಾರ್ಡಿನಲ್ಲಿ ಇರಬೇಕಾದುದು ಅತಿ ಕನಿಷ್ಠ ಅಗತ್ಯ.

ಮಂಗಳೂರಿನಿಂದ ಮರಳಿದ ಮೇಲೆ ಇನ್ನೊಂದು ತೊಡಕು ಎದುರಾಗುತ್ತದೆ. ಅಲ್ಲಿನ ಖಾಸಗಿ ಆಸ್ಪತ್ರೆಗಳು ಬಿಡುಗಡೆಯ ವೇಳೆ ಕೊಡುವ ಪತ್ರ ಇಂಗ್ಲಿಷಿನಲ್ಲಿರುತ್ತದೆ. ಔಷಧಗಳು ಕಂಪೆನಿಯ ಹೆಸರಿನಲ್ಲಿರುತ್ತವೆ. ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಅದೇ ಔಷಧ ಮೂಲ ಹೆಸರಿನಲ್ಲಿ, ಬೇರೆ ಬಣ್ಣದಲ್ಲಿ, ಬೇರೆ ಗಾತ್ರದಲ್ಲಿ ಸಿಗುತ್ತದೆ. ಇವೆರಡೂ ಒಂದೇ ಎಂದು ಕುಳ್ಳಿರಿಸಿ ಹೇಳುವವರಿಲ್ಲದಿದ್ದರೆ ಕೆಲವರು ಎರಡನ್ನೂ ತಿನ್ನುತ್ತಾರೆ, ಕೆಲವರು ಸರಕಾರಿ ಮಾತ್ರೆಯನ್ನು ನಂಬದೆ ಕೈಯಲ್ಲಿ ಹಣವಿರುವವರೆಗೆ ಖಾಸಗಿ ಔಷಧ ಕೊಂಡು ಆಮೇಲೆ ಎಲ್ಲವನ್ನೂ ನಿಲ್ಲಿಸುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಅರ್ಧದಲ್ಲಿ ಬಿಟ್ಟರೆ ಆ ಸ್ಟೆಂಟೇ ಮುಚ್ಚಿಹೋಗುವ ಅಪಾಯವಿದೆ. ಲಕ್ಷಗಟ್ಟಲೆ ಸಾಲ ಮಾಡಿ ಉಳಿಸಿಕೊಂಡ ಜೀವವು ವಿವರಣೆಯ ಕೊರತೆಯಿಂದ ಮತ್ತೆ ಅಪಾಯಕ್ಕೆ ಸಿಲುಕುವುದು ಹೀಗೆ.

ಕಾನೂನು ಎಲ್ಲಿ ನಿಲ್ಲುತ್ತದೆ

ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಕಾನೂನು ಇಲ್ಲವೆನ್ನುವಂತಿಲ್ಲ. ಸಂವಿಧಾನದ 350ನೇ ವಿಧಿಯು ಯಾವುದೇ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ನಡೆಸಬಹುದೆಂದೂ ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದೂ ಒಪ್ಪಿಕೊಂಡಿತ್ತು. 2025ರಲ್ಲಿ ಕೇರಳ ವಿಧಾನಸಭೆ ಅಂಗೀಕರಿಸಿದ ಮಲಯಾಳ ಭಾಷಾ ವಿಧೇಯಕದ ಸುತ್ತ ಎರಡು ರಾಜ್ಯಗಳ ನಡುವೆ ಎದ್ದ ವಾದವೂ ಮುಖ್ಯವಾಗಿ ಶಾಲೆ ಮತ್ತು ಕಚೇರಿಗಳನ್ನು ಕುರಿತದ್ದು. ಅದು ಅಗತ್ಯವಾದ ವಾದವೇ. ಆದರೆ ಈ ಎಲ್ಲ ರಕ್ಷಣೆಗಳೂ ಅರ್ಜಿಯ, ಆದೇಶದ, ಪಠ್ಯಪುಸ್ತಕದ ಭಾಷೆಯನ್ನು ಕುರಿತು ಯೋಚಿಸಿವೆ. ದಾದಿಯೊಬ್ಬಳು ರೋಗಿಗೆ ಹೇಳುವ ಮಾತು, ಔಷಧ ಕೊಡುವವನು ಕಿಟಕಿಯಿಂದ ಕೂಗಿ ಹೇಳುವ ಸೂಚನೆ ಈ ಚೌಕಟ್ಟಿನ ಹೊರಗೆ ಉಳಿದಿವೆ. ಭಾಷಾ ಹಕ್ಕಿಗಾಗಿ ಆರು ದಶಕಗಳಿಗೂ ಮೀರಿ ಹೋರಾಡಿದ ನಾವು ಕೂಡ ಶಾಲೆಯ ಬಾಗಿಲಲ್ಲಿ ನಿಂತಷ್ಟು ಹೊತ್ತು ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತಿಲ್ಲ.

‘ಕೇರಳದಲ್ಲಿ ಬಾಳುವವರು ಮಲಯಾಳ ಕಲಿಯಲಿ’ ಎಂಬ ಮಾತನ್ನು ಅಲ್ಲಲ್ಲಿ ಕೇಳುತ್ತೇವೆ. ಹೊಸ ತಲೆಮಾರು ಕಲಿಯುತ್ತಲೇ ಇದೆ. ಆದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚಿರುವುದು ಅರುವತ್ತು ದಾಟಿದವರಲ್ಲಿ. ಕನ್ನಡ ಶಾಲೆಯಲ್ಲಿ ನಾಲ್ಕು ತರಗತಿ ಓದಿ, ಎಪ್ಪತ್ತರ ವಯಸ್ಸಿಗೆ ಬಂದ ಹೆಂಗಸು ಹೊಸ ಲಿಪಿ ಕಲಿತ ಮೇಲೆ ಮಾತ್ರೆ ತಿನ್ನಲಿ ಎಂದು ಕಾಯುವುದು ವೈದ್ಯನೀತಿಯಾಗಲಾರದು.

ಪಕ್ಕದಲ್ಲೇ ಇರುವ ಪಾಠಗಳು

ಮನೆಬಾಗಿಲಿನ ಮಾತಿನಿಂದ ರಕ್ತದೊತ್ತಡ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ದೊರೆತಿದೆ. ಬಾಂಗ್ಲಾದೇಶ, ಪಾಕಿಸ್ತಾನ ಮತ್ತು ಶ್ರೀಲಂಕಾಗಳ 30 ಗ್ರಾಮೀಣ ಸಮುದಾಯಗಳಲ್ಲಿ 2,645 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಸರಕಾರದ ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಮನೆಗೆ ಕಳುಹಿಸಲಾಯಿತು. ಅವರು ಒತ್ತಡ ಅಳೆದರು, ಉಪ್ಪು, ಹೊಗೆ, ಮಾತ್ರೆಗಳ ವಿಚಾರ ಮಾತಾಡಿದರು, ಅಗತ್ಯವಿದ್ದವರನ್ನು ವೈದ್ಯರ ಬಳಿಗೆ ಕಳುಹಿಸಿದರು. ಎರಡು ವರ್ಷಗಳ ಬಳಿಕ ಆ ಗ್ರಾಮಗಳ ರೋಗಿಗಳ ಒತ್ತಡ ಉಳಿದವರಿಗಿಂತ ಸರಾಸರಿ 5 ಅಂಕ ಹೆಚ್ಚು ಇಳಿದಿತ್ತು. ಆ ಕಾರ್ಯಕರ್ತರ ಬಂಡವಾಳ ಒತ್ತಡ ಅಳೆಯುವ ಯಂತ್ರ ಮತ್ತು ಊರಿನವರೊಡನೆ ಆಡಬಲ್ಲ ಮಾತು.

ಇನ್ನೊಂದು ಉದಾಹರಣೆ ಮತ್ತೊಂದು ಗಡಿನಾಡಿನದು. ತಮಿಳುನಾಡು ಸರಕಾರವು ರಕ್ತದೊತ್ತಡ ಮತ್ತು ಮಧುಮೇಹದ ಔಷಧವನ್ನು ಮನೆಗೇ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು 2021ರ ಆಗಸ್ಟಿನಲ್ಲಿ ಆರಂಭಿಸಿದ್ದು ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಅದಕ್ಕೆ ಆಯ್ದುಕೊಂಡದ್ದು ಸ್ವಸಹಾಯ ಗುಂಪುಗಳ ಮಹಿಳೆಯರನ್ನು. ಊರಿನ ಹೆಂಗಸನ್ನೇ ನೇಮಿಸಿದರೆ ಊರಿನ ಭಾಷೆಯೂ ಅವಳೊಂದಿಗೆ ಬರುತ್ತದೆ. ಪ್ರತ್ಯೇಕ ಭಾಷಾ ಆದೇಶ ಬೇಕಾಗುವುದಿಲ್ಲ. ದಿಂಬಂ ಘಾಟಿಯ 27 ತಿರುವುಗಳ ಆಚೆಗಿರುವ ತಾಳವಾಡಿಯಂಥ ಕನ್ನಡ ಪ್ರದೇಶಕ್ಕೂ, ಮರಾಠಿಯಲ್ಲಿ ಮಾತಾಡುವ ಆರೋಗ್ಯ ಕೇಂದ್ರಗಳನ್ನು ಅವಲಂಬಿಸಿದ ಅಕ್ಕಲಕೋಟೆ, ಜತ್ತದ ಹಳ್ಳಿಗಳಿಗೂ ಈ ಸೂತ್ರ ಸಮಾನವಾಗಿ ಅನ್ವಯಿಸುತ್ತದೆ.

ಪಂಚಾಯತುಗಳ ಮುಂದಿರುವ ಕೆಲಸ

ಕೇರಳದಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತಿನ ಅಧೀನದಲ್ಲಿವೆ. 2025ರ ಡಿಸೆಂಬರಿನ ಚುನಾವಣೆಯ ಬಳಿಕ ಹೊಸ ಆಡಳಿತ ಸಮಿತಿಗಳು ಅಧಿಕಾರಕ್ಕೆ ಬಂದಿವೆ. ತಿರುವನಂತಪುರದ ಒಪ್ಪಿಗೆಗೆ ಕಾಯದೆ ಅವು ಮಾಡಬಹುದಾದ ಕೆಲಸಗಳು ಅನೇಕ. ಮೊದಲನೆಯದಾಗಿ, ಪ್ರತಿ ರೋಗಿಗೆ ಕನ್ನಡದಲ್ಲಿ ಮುದ್ರಿಸಿದ ಚಿಕಿತ್ಸಾ ಪುಸ್ತಕ: ಒಂದು ಕಡೆ ರಕ್ತದೊತ್ತಡದ ಅಂಕ, ಇನ್ನೊಂದು ಕಡೆ ಮಾತ್ರೆಯ ಹೆಸರು, ಸೂರ್ಯ ಮತ್ತು ಚಂದ್ರನ ಚಿತ್ರದೊಂದಿಗೆ ಹೊತ್ತು. ಓದುಬಾರದವರಿಗೂ ಚಿತ್ರ ಸಾಕು. ಎರಡನೆಯದಾಗಿ, ಜೀವನಶೈಲಿ ರೋಗಗಳ ಚಿಕಿತ್ಸಾ ದಿನದಂದು ಔಷಧದ ಕಿಟಕಿಯ ಬಳಿ ಕನ್ನಡ, ತುಳು ಬಲ್ಲ ಒಬ್ಬ ಸಹಾಯಕಿ. ಕುಟುಂಬಶ್ರೀ ಘಟಕಗಳಿಂದಲೇ ಅವಳನ್ನು ಆರಿಸಬಹುದು. ಮೂರನೆಯದಾಗಿ, ಆಶಾ ಕಾರ್ಯಕರ್ತೆಯರು ಕೇಳುವ ಪ್ರಶ್ನೆಗಳ ಕನ್ನಡ ಮತ್ತು ತುಳು ರೂಪ. ಇಂದು ಪ್ರತಿಯೊಬ್ಬಳೂ ತನಗೆ ತೋಚಿದಂತೆ ಅನುವಾದ ಮಾಡಿಕೊಳ್ಳಬೇಕಾಗಿದೆ. ಗೌರವಧನದ ಹೆಚ್ಚಳಕ್ಕಾಗಿ 2025ರಲ್ಲಿ ತಿಂಗಳುಗಟ್ಟಲೆ ಸೆಕ್ರೆಟರಿಯೇಟಿನ ಮುಂದೆ ಕುಳಿತ ಈ ಹೆಂಗಸರ ಮೇಲೆ ಅನುವಾದದ ಹೊರೆಯನ್ನೂ ಸದ್ದಿಲ್ಲದೆ ಹೊರಿಸಿರುವುದು ಅನ್ಯಾಯ.

ರಾಜ್ಯಮಟ್ಟದಲ್ಲಿ ಎರಡು ಬೇಡಿಕೆಗಳು ಸ್ಪಷ್ಟವಾಗಿರಬೇಕು. ಕಾಸರಗೋಡಿನಲ್ಲಿ ಗುಮಾಸ್ತರ ಹುದ್ದೆಗಳಿಗೆ ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರನ್ನು ಪ್ರತ್ಯೇಕವಾಗಿ ನೇಮಿಸುವ ಕ್ರಮ ಲೋಕಸೇವಾ ಆಯೋಗದಲ್ಲಿದೆ. ಕಡತ ನೋಡುವವನಿಗೆ ಅಗತ್ಯವಾದ ಭಾಷೆ ರೋಗಿಯನ್ನು ನೋಡುವವಳಿಗೂ ಅಗತ್ಯವೆಂಬುದನ್ನು ಒಪ್ಪಿ, ಗಡಿ ಪಂಚಾಯತುಗಳ ದಾದಿ, ಕಿರಿಯ ಆರೋಗ್ಯ ಕಾರ್ಯಕರ್ತೆ ಮತ್ತು ಔಷಧ ವಿತರಕರ ಹುದ್ದೆಗಳಿಗೂ ಅದನ್ನು ವಿಸ್ತರಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹೆಣ್ಣುಮಕ್ಕಳಿಗೆ ಇದರಿಂದ ಉದ್ಯೋಗದ ದಾರಿಯೂ ತೆರೆದೀತು. ಎರಡನೆಯದು ಉಕ್ಕಿನಡ್ಕದ ಕಾಲೇಜು. ವೈದ್ಯಕೀಯ ಪಠ್ಯಕ್ರಮದ ಆರಂಭದ ಬುನಾದಿ ಶಿಕ್ಷಣದಲ್ಲಿ ಸ್ಥಳೀಯ ಭಾಷೆಯ ಕಲಿಕೆಗೆ ಅವಕಾಶವಿದೆ. ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯವನ್ನು ಗಮನಿಸಬೇಕೆಂಬ ನಿಯಮವೂ ಇದೆ. ಉಕ್ಕಿನಡ್ಕದ ಸುತ್ತಲಿನ ಕುಟುಂಬಗಳ ಸ್ಥಳೀಯ ಭಾಷೆ ಯಾವುದೆಂಬುದನ್ನು ಆ ಕಾಲೇಜು ಮೊದಲ ವರ್ಷದಲ್ಲೇ ನಿರ್ಧರಿಸಿಕೊಳ್ಳಬೇಕು.

ನಮ್ಮ ಪಾಲಿನ ಹೊಣೆಯೂ ಇದೆ. ವರ್ಷಕ್ಕೆ ಹತ್ತಾರು ಸಮ್ಮೇಳನ, ಯಕ್ಷಗಾನ, ಜಾತ್ರೆಗಳನ್ನು ನಡೆಸುವ ಕನ್ನಡ ಸಂಘಟನೆಗಳು ಪ್ರತಿ ಕಾರ್ಯಕ್ರಮದ ಬದಿಯಲ್ಲಿ ಒಂದು ಮೇಜು, ಒಂದು ಒತ್ತಡಮಾಪಕ, ಒಬ್ಬ ನಿವೃತ್ತ ದಾದಿಯನ್ನು ಇರಿಸುವುದು ಕಷ್ಟವಲ್ಲ. 140/90 ದಾಟಿದವರಿಗೆ ಆ ಅಂಕವನ್ನು ಚೀಟಿಯಲ್ಲಿ ಬರೆದು ಆರೋಗ್ಯ ಕೇಂದ್ರಕ್ಕೆ ಕಳುಹಿಸಿದರೆ ಸಾಕು. ಕನ್ನಡದಲ್ಲಿ ವದಂತಿ ಹರಡಿದಾಗ ಕನ್ನಡದಲ್ಲೇ ಅದನ್ನು ಅಲ್ಲಗಳೆಯುವ ಕೆಲಸ ಮಾಧ್ಯಮಗಳದು. ಹಾಸನದ ಸಾವಿಗೆ ಕೊಟ್ಟ ಜಾಗವನ್ನು ಸಮಿತಿಯ ವರದಿಗೂ ಕೊಡಬೇಕಿತ್ತು.

ಪಂಚಾಯತುಗಳ ವಾರ್ಷಿಕ ಯೋಜನೆಗಾಗಿ ಗ್ರಾಮಸಭೆಗಳು ಸೇರುತ್ತವೆ. ರಸ್ತೆ, ನೀರು, ಬೀದಿದೀಪಗಳ ಬೇಡಿಕೆಗಳ ಜೊತೆಗೆ ಈ ವರ್ಷ ಪ್ರತಿ ಕನ್ನಡ ವಾರ್ಡಿನಿಂದ ಒಂದು ಲಿಖಿತ ಬೇಡಿಕೆ ಹೋಗಲಿ: ನಮ್ಮ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡಕ್ಕೆ ಹೆಸರು ನೋಂದಾಯಿಸಿದವರೆಷ್ಟು, ಮೂರು ತಿಂಗಳಿಂದ ಬಾರದವರೆಷ್ಟು, ಬಾರದವರ ಮನೆಗೆ ಹೋಗಿ ಅವರ ಭಾಷೆಯಲ್ಲಿ ವಿಚಾರಿಸಿದವರು ಯಾರು? ಅದನ್ನು ಕನ್ನಡದಲ್ಲೇ ಬರೆದು ಕೊಡಲಿ, ಕನ್ನಡದಲ್ಲೇ ಉತ್ತರ ಕೇಳಲಿ.